ಎರಡು ವಾರದ ಹೂ, ಐವತ್ತು ವಾರದ ಗಿಡ

ಜುಲೈ ತಿಂಗಳಲ್ಲಿ ಐರಿಸ್ ಪಾತಿಯ ಫೋಟೊ ತೆಗೆಯುವವರು ಯಾರೂ ಇಲ್ಲ. ಮೇ ಕೊನೆಗೆ ಬೀದಿಯಲ್ಲಿ ಹೋಗುವವರೆಲ್ಲ ನಿಂತು ನೋಡುವಂತೆ ಅರಳಿದ್ದ ಜಾಗದಲ್ಲಿ ಈಗ ತುದಿ ಕಂದಿದ ಗರಿಗಳು, ಕತ್ತರಿಸಿ ಬಿಟ್ಟ ಹೂದಂಟಿನ ಮೋಟುಗಳು, ಗೆಡ್ಡೆಗಳ ಸಂದಿಯಲ್ಲಿ ತಲೆಯೆತ್ತಿದ ಕಳೆ. ಇಂಗ್ಲೆಂಡಿನಿಂದ ಅಮೆರಿಕದ ಮಿಡ್‌ವೆಸ್ಟ್‌ವರೆಗೆ ಚಳಿನಾಡಿನ ಮನೆಯಂಗಳಗಳಲ್ಲಿ ಐರಿಸ್‌ನಷ್ಟು ಹೊಗಳಿಸಿಕೊಂಡ ಬಹುವಾರ್ಷಿಕ ಗಿಡಗಳು ಕೆಲವೇ. ಹಿಮದಡಿ ಹೂತರೂ ಸಾಯುವುದಿಲ್ಲ, ನೀರಿನ ಕೊರತೆ ತಡೆಯುತ್ತದೆ, ಜಿಂಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಒಂದು ತುಂಡು ನೆಟ್ಟರೆ ಮೂರು ವರ್ಷಕ್ಕೆ ಪೊದೆಯಾಗುತ್ತದೆ. ಇದೆಲ್ಲ ನಿಜವೇ. ಆದರೂ ಐರಿಸ್ ಬೆಳೆಸುವ ಪದ್ಧತಿಯನ್ನು ಒರೆಗೆ ಹಚ್ಚಿ ನೋಡಿದರೆ ಒಂದು ತಕರಾರು ಉಳಿಯುತ್ತದೆ. ನೂರು ವರ್ಷಗಳಿಂದ ತಳಿಗಾರರು ಹೂವಿನ ಮುಖ ತಿದ್ದುತ್ತಲೇ ಬಂದರು. ಆ ಗಿಡದ ಜೊತೆ ವರ್ಷವಿಡೀ ಬಾಳಬೇಕಾದ ತೋಟದವರ ಕಡೆ ತಿರುಗಿ ನೋಡಿದ್ದು ಕಡಿಮೆ.

ಮೊದಲು ಹೂವನ್ನೇ ನೋಡೋಣ. ಅದು ನಿಜಕ್ಕೂ ನೋಡತಕ್ಕ ಹೂವೇ. ಎಸಳು ಆರು. ಮೂರು ಮೇಲೆದ್ದು ತುದಿಗಳು ಒಂದಕ್ಕೊಂದು ತಾಗುವಂತೆ ಬಾಗಿರುತ್ತವೆ. ಉಳಿದ ಮೂರು ಹೊರಕ್ಕೆ ಚಾಚಿ ಕೆಳಕ್ಕೆ ಇಳಿಬಿದ್ದಿರುತ್ತವೆ. ಇಳಿಬಿದ್ದ ಎಸಳಿನ ಬುಡದ ನಡುವೆ ಹಳದಿಯದೋ ಬಿಳಿಯದೋ ಕಿತ್ತಳೆಯದೋ ರೋಮದ ಒಂದು ಪಟ್ಟಿ. ಗಡ್ಡದ ಐರಿಸ್ ಎಂಬ ಹೆಸರು ಬಂದದ್ದು ಇದರಿಂದಲೇ. ಜೇನು ಈ ಗಡ್ಡದ ಗುರುತು ಹಿಡಿದು ಬಂದು ಕೂತು ಒಳಗೆ ತೂರುತ್ತದೆ. ತೂರುವ ದಾರಿಯ ಮೇಲ್ಗಡೆ ಕಿರಿದಾದ ಇನ್ನೊಂದು ಎಸಳು ಬಾಗಿಕೊಂಡಿರುವಂತೆ ಕಾಣುತ್ತದೆ. ಅದು ಎಸಳಲ್ಲ, ಹೂವಿನ ಶಲಾಕೆ. ಅದರ ತುದಿಯ ಅಡಿಗೆ ತೆಳ್ಳನೆಯ ತುಟಿಯೊಂದಿದೆ. ಬೇರೆ ಹೂವಿನಿಂದ ಜೇನು ಹೊತ್ತು ತಂದ ಪರಾಗವನ್ನು ಆ ತುಟಿ ಅದರ ಬೆನ್ನಿನಿಂದ ಕೆರೆದುಕೊಳ್ಳುತ್ತದೆ. ಇನ್ನೂ ಒಳಗೆ, ಶಲಾಕೆಯ ಮರೆಯಲ್ಲಿ ಅಡಗಿದ ಕೇಸರ ಅದೇ ಬೆನ್ನಿಗೆ ಹೊಸ ಪರಾಗ ಬಳಿಯುತ್ತದೆ. ಜೇನು ಹಿಂದೆ ಸರಿದು ಹೊರಬೀಳುವಾಗ ತುಟಿ ಮೇಲಕ್ಕೆ ಒತ್ತಿಕೊಳ್ಳುವುದರಿಂದ ಹೂವಿನ ಸ್ವಂತ ಪರಾಗ ಅದಕ್ಕೆ ಅಂಟುವುದಿಲ್ಲ. ಒಂದೊಂದು ಹೂವಿಗೂ ಇಂಥ ಮೂರು ಬಾಗಿಲು. ಹೂ ಉಳಿಯುವುದು ಎರಡು ಮೂರು ದಿನ. ಒಂದೇ ದಂಟಿನ ಮೊಗ್ಗುಗಳು ಸರದಿಯಲ್ಲಿ ಅರಳುವುದರಿಂದ ಪಾತಿ ಎರಡು ಮೂರು ವಾರ ತುಂಬಿರುತ್ತದೆ. ಇಷ್ಟು ಚೊಕ್ಕವಾದ ಕಟ್ಟಡಕ್ಕೆ ಮನುಷ್ಯ ಏನು ಸೇರಿಸಬಹುದಿತ್ತು ಎಂದು ಕೇಳಿದರೆ, ಬಣ್ಣ ಮತ್ತು ಗಾತ್ರ. ಎರಡನ್ನೂ ಧಾರಾಳವಾಗಿ ಸೇರಿಸಿದ.

ಹತ್ತೊಂಬತ್ತನೆಯ ಶತಮಾನದ ಯುರೋಪಿನ ತೋಟಗಳಲ್ಲಿದ್ದ ಗಡ್ಡದ ಐರಿಸ್‌ಗಳು ಹೆಚ್ಚಿನವು ಐರಿಸ್ ಪಲ್ಲಿಡಾ, ಐರಿಸ್ ವೇರಿಗಾಟಾ ಎಂಬ ಎರಡು ಕಾಡುಜಾತಿಗಳ ಸಂತತಿ. ತೆಳು ದಂಟು, ಸಾಧಾರಣ ಗಾತ್ರದ ಹೂ, ವರ್ಣತಂತುಗಳು 24. ಕೇಂಬ್ರಿಡ್ಜ್‌ನಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ ಮೈಕೆಲ್ ಫಾಸ್ಟರ್ ಅವರಿಗೆ ಐರಿಸ್ ಹುಚ್ಚು. ತುರ್ಕಿ ಕಡೆ ಇದ್ದ ಮಿಷನರಿಗಳಿಂದ ಅವರು ಗೆಡ್ಡೆ ತರಿಸಿಕೊಂಡರು. ಹಾಗೆ ಬಂದವುಗಳಲ್ಲಿ ಅಮಾಸ್ಯ ಊರಿನ ‘ಅಮಾಸ್’ ಮುಖ್ಯವಾದದ್ದು. ಪಶ್ಚಿಮ ಏಷ್ಯಾದ ಈ ದೊಡ್ಡ ಹೂವಿನ ಗಿಡಗಳಲ್ಲಿ ವರ್ಣತಂತುಗಳು 48 ಇದ್ದವೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಇವುಗಳ ರಕ್ತ ಹಳೆಯ ತಳಿಗಳಿಗೆ ಬೆರೆತ ಮೇಲೆ ಐರಿಸ್‌ನ ಚಹರೆಯೇ ಬದಲಾಯಿತು. 1917ರಲ್ಲಿ ತಳಿಗಾರ ಆರ್ಥರ್ ಬ್ಲಿಸ್ ಹೊರತಂದ ‘ಡೊಮಿನಿಯನ್’, ಮಖಮಲ್ಲಿನಂಥ ಗಾಢ ನೇರಳೆ ಎಸಳಿನಿಂದ, ಮುಂದಿನ ದಶಕಗಳ ತಳಿಗಳ ಮೂಲಪುರುಷನಾಯಿತು.

ಅದೇ ಕಾಲದಲ್ಲಿ ವಿಲಿಯಂ ರಿಕಟ್ಸನ್ ಡೈಕ್ಸ್ ಎಂಬ ಶಾಲಾಮೇಷ್ಟರು ಇನ್ನೊಂದು ದಾರಿ ಹಿಡಿದಿದ್ದರು. 1913ರಲ್ಲಿ ಬಂದ ಅವರ ‘ದಿ ಜೀನಸ್ ಐರಿಸ್’ ಕಾಡು ಐರಿಸ್‌ಗಳ ಬಗ್ಗೆ ಇಂದಿಗೂ ತೆಗೆದು ನೋಡುವ ದೊಡ್ಡ ಗ್ರಂಥ. ಜಾತಿಜಾತಿಯ ಗಿಡವನ್ನೂ ತಾವೇ ಬೆಳೆಸಿ, ಬೇರು, ಎಲೆ, ಕಾಯಿ, ಬೀಜ ಎಲ್ಲವನ್ನೂ ನೋಡಿ ಬರೆದ ಮನುಷ್ಯ. 1925ರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡರು. ಅವರ ಹೆಸರಿನಲ್ಲಿ 1927ರಿಂದ ಕೊಡುತ್ತಿರುವ ಡೈಕ್ಸ್ ಪದಕ ಐರಿಸ್ ಲೋಕದ ಅತಿ ದೊಡ್ಡ ಗೌರವ. ಬೀಜದವರೆಗೆ ನೋಡಿ ಬರೆದವರ ಹೆಸರಿನ ಪದಕ ಹೆಚ್ಚುಪಾಲು ಗೆದ್ದದ್ದು ಎತ್ತರದ, ದೊಡ್ಡ ಮುಖದ ಮಿಶ್ರತಳಿಗಳೇ. ತೀರ್ಪುಗಾರರನ್ನು ಪೂರ್ತಿ ದೂರುವಂತಿಲ್ಲ. 1920ರಲ್ಲಿ ಹುಟ್ಟಿದ ಅಮೆರಿಕನ್ ಐರಿಸ್ ಸೊಸೈಟಿಯ ನಿಯಮಗಳಲ್ಲಿ ದಂಟಿನ ಬಲ, ಕವಲು, ಮೊಗ್ಗಿನ ಸಂಖ್ಯೆ, ಗಿಡದ ಆರೋಗ್ಯ ಎಲ್ಲಕ್ಕೂ ಬೆಲೆಯಿದೆ. ಗಿಡವನ್ನು ತೋಟದಲ್ಲಿ ನಿಂತು ನೋಡಿಯೇ ತೀರ್ಪು ಕೊಡಬೇಕು. ಆದರೆ ಕೊಳ್ಳುವವನ ಮುಂದೆ ಇರುವುದು ನಿಯಮಪುಸ್ತಕವಲ್ಲ, ಕ್ಯಾಟಲಾಗಿನ ಪುಟ. ಆ ಪುಟದಲ್ಲಿ ಇರುವುದು ಒಂದೇ ಹೂವಿನ ಹತ್ತಿರದ ಚಿತ್ರ. ಅದರಲ್ಲಿ ಗರಿ ಕಾಣುವುದಿಲ್ಲ, ದಂಟು ಕಾಣುವುದಿಲ್ಲ, ಜುಲೈ ಅಂತೂ ಕಾಣುವುದೇ ಇಲ್ಲ.

ಗಳಿಕೆಯೇ ಇಲ್ಲವೆಂದರೆ ತಪ್ಪಾಗುತ್ತದೆ. ಟೊಮ್ಯಾಟೊಗೆ ಕೆಂಪು ಕೊಡುವ ಲೈಕೊಪೀನ್ ಎಂಬ ವರ್ಣದ್ರವ್ಯ ಐರಿಸ್‌ನಲ್ಲಿ ಕಾಣಿಸಿಕೊಂಡಾಗ ಅದನ್ನು ಹಿಡಿದು 1940ರ ದಶಕದ ಅಮೆರಿಕನ್ ತಳಿಗಾರರು ನಿಜವಾದ ಗುಲಾಬಿ ಬಣ್ಣ ಸಾಧಿಸಿದರು. ಅದು ದೊಡ್ಡ ಕೆಲಸವೇ. ಅಪ್ಪಟ ಕೆಂಪು ಮಾತ್ರ ಇವತ್ತಿಗೂ ಬಂದಿಲ್ಲ. ಕೆಂಪು ಎಂದು ಮಾರುವುದೆಲ್ಲ ಕಂದು ಇಲ್ಲವೇ ಕೆನ್ನೇರಳೆ. ಬಣ್ಣದ ದಾಹ ತಣಿದ ಮೇಲೆ ಆಕಾರಕ್ಕೆ ಕೈ ಹಾಕಿದರು. ಎಸಳಿನ ಅಂಚು ಅಲೆಯಲೆಯಾಯಿತು, ಆಮೇಲೆ ಜಾಲರಿಯಾಯಿತು. 1950ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಗಡ್ಡದ ತುದಿ ಬೆಳೆದು ಕೊಂಬು, ಚಮಚ, ಕುಚ್ಚು ಆದ ವಿಚಿತ್ರಗಳಿಗೂ ಬೇಡಿಕೆ ಹುಟ್ಟಿತು. ಇಳಿಬೀಳುತ್ತಿದ್ದ ಎಸಳು ದಪ್ಪವಾಗಿ ಅಡ್ಡಕ್ಕೆ ಚಾಚಿ ನಿಂತಿತು. ಮೇ ತಿಂಗಳ ಒಂದು ಜೋರು ಮಳೆ ಬಂದಾಗ ಇದರ ಲೆಕ್ಕ ಸಿಗುತ್ತದೆ. ಸುಕ್ಕುಸುಕ್ಕಾದ ಎಸಳುಗಳು ನೀರು ಹಿಡಿದುಕೊಳ್ಳುತ್ತವೆ, ತಲೆಭಾರಕ್ಕೆ ಮೂರಡಿ ದಂಟು ಬುಡದಲ್ಲೇ ಮುರಿದು ಮಲಗುತ್ತದೆ. ಪ್ರತಿ ದಂಟಿಗೂ ಊರುಗೋಲು ಕಟ್ಟಿಸಿಕೊಳ್ಳುವ ಗಿಡವನ್ನು ಗಟ್ಟಿಮುಟ್ಟಾದದ್ದು ಎಂದು ಮಾರುವುದು ಸ್ವಲ್ಪ ಹೆಚ್ಚಾಯಿತು.

ಈ ಓಟಕ್ಕೆ ಸೇರದೆ ನಿಂತ ಒಬ್ಬರಿದ್ದಾರೆ: ಚಿತ್ರಕಾರ ಸೆಡ್ರಿಕ್ ಮಾರಿಸ್ (1889–1982). ಇಂಗ್ಲೆಂಡಿನ ಸಫೋಕ್ ಜಿಲ್ಲೆಯ ಹ್ಯಾಡ್ಲಿ ಊರಲ್ಲಿ ಬೆಂಟನ್ ಎಂಡ್ ಎಂಬ ಹಳೆಯ ಮನೆ. ಅದೇ ಅವರ ಚಿತ್ರಕಲಾ ಶಾಲೆ, ಅದೇ ತೋಟ. ಲೂಸಿಯನ್ ಫ್ರಾಯ್ಡ್ ಅವರ ಶಿಷ್ಯರಲ್ಲೊಬ್ಬರು. ಮಾರಿಸ್ ವರ್ಷ ವರ್ಷ ಐರಿಸ್ ಬೀಜ ಬಿತ್ತಿ, ಸಸಿಗಳು ಹೂ ಬಿಟ್ಟಾಗ ನೋಡಿ, ಹೆಚ್ಚಿನದನ್ನು ಕಿತ್ತೆಸೆದು, ಸುಮಾರು ತೊಂಬತ್ತಕ್ಕೆ ಹೆಸರಿಟ್ಟರು. ಅವುಗಳಲ್ಲಿ ಬಹಳಷ್ಟು ಹೆಸರು ‘ಬೆಂಟನ್’ ಎಂದೇ ಶುರುವಾಗುತ್ತವೆ. ‘ಬೆಂಟನ್ ಕಾರ್ಡೀಲಿಯಾ’ 1955ರಲ್ಲಿ ಬ್ರಿಟನ್ನಿನ ಡೈಕ್ಸ್ ಪದಕ ಗೆದ್ದಿತು. ಸುಕ್ಕು, ಜಾಲರಿ ಅವರಿಗೆ ಆಗಿಬರುತ್ತಿರಲಿಲ್ಲ. ಅವರ ಹೂಗಳ ಎಸಳು ತೆಳು, ಅಂಚು ನೇರ. ಬಣ್ಣಗಳು ಮಾತ್ರ ಬೇರೆಯವರು ಕೈಬಿಟ್ಟವು: ಬೂದಿ ಮಿಶ್ರಿತ ನೇರಳೆ, ಮಾಸಿದ ಗುಲಾಬಿ, ಕಂದು ಹಳದಿ. ಬಿಳಿಯ ಮೇಲೆ ಅಂಚಿಗೆ ಮಾತ್ರ ನೇರಳೆ ಚುಕ್ಕಿಯ ಗೀರುಗಳಿರುವ ಹೂಗಳನ್ನೂ ಅವರು ಮೆಚ್ಚಿ ಬೆಳೆಸಿದರು. ಮಳೆ ಬಂದರೆ ತೆಳುವಾದ, ನೇರ ಅಂಚಿನ ಎಸಳಿನಿಂದ ನೀರು ಇಳಿದುಹೋಗುತ್ತದೆ. ಅವರ 1943ರ ‘ಐರಿಸ್ ಸೀಡ್ಲಿಂಗ್ಸ್’ ಚಿತ್ರ ಈಗ ಟೇಟ್ ಸಂಗ್ರಹದಲ್ಲಿದೆ. ಮಾರಿಸ್ ತೀರಿಕೊಂಡ ಮೇಲೆ ತಳಿಗಳು ಚದುರಿಹೋಗಿದ್ದವು. ಸಿಸಿಂಗ್‌ಹರ್ಸ್ಟ್ ತೋಟದ ಮುಖ್ಯ ತೋಟಗಾರರಾಗಿದ್ದ ಸಾರಾ ಕುಕ್ ನಿವೃತ್ತಿಯ ನಂತರ ಅವನ್ನು ಒಂದೊಂದಾಗಿ ಹುಡುಕಿ ಸೇರಿಸಿದರು. 2015ರ ಚೆಲ್ಸಿ ಹೂ ಪ್ರದರ್ಶನದಲ್ಲಿ ಅವು ಮತ್ತೆ ಜನರ ಕಣ್ಣಿಗೆ ಬಿದ್ದವು. ಗಡ್ಡದ ಐರಿಸ್ ಬೆಳೆಸಲೇಬೇಕು ಅನ್ನುವವರಿಗೆ ನಾನು ಹೇಳುವುದು ಈ ಸಾಲಿನ ಗಿಡಗಳನ್ನೇ.

ಇನ್ನು ಬೆಳೆಸುವ ಬಗೆ. ಶಿಕಾಗೊ, ಡೆಟ್ರಾಯಿಟ್ ಸುತ್ತಿನ ಉಪನಗರಗಳಲ್ಲಿ ಮನೆ ಕೊಂಡ ಕನ್ನಡದವರಿಗೆ ಐರಿಸ್ ಸಿಗುವುದು ನರ್ಸರಿಗಿಂತ ಹೆಚ್ಚಾಗಿ ಬೇಲಿಯಾಚೆಯಿಂದ. ಆಗಸ್ಟಿನಲ್ಲಿ ಪಕ್ಕದ ಮನೆಯವರು ಪೊದೆ ಒಡೆದಾಗ ಒಂದು ಚೀಲ ಗೆಡ್ಡೆ ತಂದುಕೊಡುತ್ತಾರೆ. ಬೇಸಿಗೆಗೆ ಊರಿನಿಂದ ಬಂದ ಅಮ್ಮ ಅದನ್ನು ನೋಡಿ, “ಅಯ್ಯೋ, ಗೆಡ್ಡೆಯೆಲ್ಲ ಬಿಸಿಲಿಗೆ ಬಿದ್ದಿದೆಯಲ್ಲೇ” ಎನ್ನುತ್ತಾ ಶುಂಠಿಗೆ ಎಳೆದ ಹಾಗೆ ಮಣ್ಣೆಳೆದು, ಮೇಲೊಂದಿಷ್ಟು ಸೊಪ್ಪು ಮುಚ್ಚಿ, ದಿನಾ ನೀರು ಹಾಕುತ್ತಾರೆ. ಮುಂದಿನ ವಸಂತಕ್ಕೆ ಅಲ್ಲಿ ನಾರುವ ಮುದ್ದೆ. ಗಡ್ಡದ ಐರಿಸ್ ಗೆಡ್ಡೆಯ ಬೆನ್ನಿಗೆ ಬಿಸಿಲು ತಾಗಲೇಬೇಕು. ಮಣ್ಣಿನಲ್ಲಿ ಸಣ್ಣ ದಿಣ್ಣೆ ಮಾಡಿ, ಗೆಡ್ಡೆಯನ್ನು ಅದರ ಮೇಲೆ ಕೂರಿಸಿ, ಬೇರುಗಳನ್ನು ಎರಡೂ ಬದಿಗೆ ಇಳಿಬಿಟ್ಟು ಬೇರಿಗಷ್ಟೇ ಮಣ್ಣು ಮುಚ್ಚಬೇಕು. ಗರಿಗಳನ್ನು ಗೇಣುದ್ದಕ್ಕೆ ಕತ್ತರಿಸಬೇಕು, ಇಲ್ಲದಿದ್ದರೆ ಬೇರು ಹಿಡಿಯುವ ಮೊದಲೇ ಗಾಳಿಗೆ ಉರುಳುತ್ತದೆ. ಒಮ್ಮೆ ಹೂ ಬಿಟ್ಟ ಗೆಡ್ಡೆ ಮತ್ತೆ ಬಿಡುವುದಿಲ್ಲ. ಮುಂದಿನ ಹೂವು ಪಕ್ಕದ ಹಿಳ್ಳುಗಳದ್ದು. ಹಾಗಾಗಿ ಮೂರು ನಾಲ್ಕು ವರ್ಷಕ್ಕೊಮ್ಮೆ ಪೊದೆ ಎತ್ತಿ ನಡುವಿನ ಮುದಿ ಗೆಡ್ಡೆ ಎಸೆದು ಹಿಳ್ಳು ನೆಡದಿದ್ದರೆ ಎಲೆಯಷ್ಟೇ ಉಳಿಯುತ್ತದೆ. ಸಗಣಿ ಗೊಬ್ಬರ ಹೆಚ್ಚಾದರೆ ಎಲೆ ಕೊಬ್ಬುತ್ತದೆ, ಗೆಡ್ಡೆ ಕೊಳೆಯುತ್ತದೆ.

ಅಮೆರಿಕದ ಪೂರ್ವಭಾಗ ಮತ್ತು ಮಿಡ್‌ವೆಸ್ಟ್‌ನಲ್ಲಿ ಇದಕ್ಕೆ ಇನ್ನೊಂದು ಶತ್ರು ಇದೆ, ಗೆಡ್ಡೆಕೊರಕ. ಶರತ್ಕಾಲದಲ್ಲಿ ಪತಂಗ ಒಣಗಿದ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ವಸಂತದಲ್ಲಿ ಮರಿಹುಳು ಎಳೆಗರಿಯೊಳಗೆ ಹೊಕ್ಕು, ಒಳಗೊಳಗೇ ಇಳಿದು, ಗೆಡ್ಡೆ ಸೇರುತ್ತದೆ. ಅದು ಕೊರೆದ ದಾರಿಯಲ್ಲೇ ಕೊಳೆರೋಗ ಬರುತ್ತದೆ. ಒಣ ಎಲೆಗಳನ್ನು ಚಳಿ ಬಿದ್ದ ಮೇಲೆ ಗುಡಿಸಿ ತೆಗೆಯುವುದೇ ಒಳ್ಳೆಯ ಮದ್ದು. ಬಿಸಿಲು ಬೇಕು, ಬುಡ ಬರಿದಾಗಿರಬೇಕು, ನೀರು ನಿಲ್ಲಬಾರದು, ಪಕ್ಕದ ಗಿಡದ ನೆರಳೂ ಬೀಳಬಾರದು: ಇಷ್ಟೆಲ್ಲ ಷರತ್ತು ಹಾಕುವ ಗಿಡ ಇತರರ ಜೊತೆ ಹೊಂದಿಕೊಳ್ಳುವುದು ಕಷ್ಟ. ಮಿಶ್ರ ಪಾತಿಯಲ್ಲಿ ಗಡ್ಡದ ಐರಿಸ್ ಹಚ್ಚುವ ಸಲಹೆ ಪುಸ್ತಕಗಳಲ್ಲಿ ಚೆನ್ನಾಗಿ ಕಾಣುತ್ತದೆ. ಜೂನ್ ಹೊತ್ತಿಗೆ ನೆರೆಯ ಗಿಡಗಳು ಹಬ್ಬಿ ಗೆಡ್ಡೆ ಮುಚ್ಚಿದವು ಎಂದರೆ ಅಲ್ಲಿಗೆ ಅದರ ಕತೆ ಮುಗಿಯಿತು.

ಗಡ್ಡವಿಲ್ಲದ ಸೈಬೀರಿಯನ್ ಐರಿಸ್‌ಗೆ ಈ ಹಟವಿಲ್ಲ. ಹುಲ್ಲಿನಂಥ ಸಪೂರ ಎಲೆ, ಎತ್ತರದ ತೆಳು ದಂಟು, ನೀಲಿನೇರಳೆ ಹೂ. ಜೇಡಿಮಣ್ಣಿಗೂ ಒಗ್ಗುತ್ತದೆ, ತೇವಕ್ಕೂ ಒಗ್ಗುತ್ತದೆ, ಕೆನಡಾದ ಚಳಿಗೂ ಜಗ್ಗುವುದಿಲ್ಲ. ಗೆಡ್ಡೆ ಮಣ್ಣಿನೊಳಗೇ ಇರುವುದರಿಂದ ನೆರೆಯ ಗಿಡಗಳ ತಕರಾರಿಲ್ಲ. ಹೂ ಮುಗಿದ ಮೇಲೂ ಎಲೆಯ ಪೊದೆ ಅಚ್ಚಹಸಿರಾಗಿ ನಿಂತಿರುತ್ತದೆ, ಕಂದು ಕಾಯಿಗಳು ಚಳಿಗಾಲದುದ್ದಕ್ಕೂ ದಂಟಿನ ಮೇಲಿರುತ್ತವೆ. ಮಾಂಟ್ರಿಯಲ್‌ನ ಕ್ಲೀವ್‌ಲ್ಯಾಂಡ್ ಮಾರ್ಗನ್ 1930ರ ದಶಕದ ಆರಂಭದಲ್ಲಿ ಕೊಟ್ಟ ‘ಸೀಸರ್ಸ್ ಬ್ರದರ್’ ಇವತ್ತಿಗೂ ನರ್ಸರಿಗಳಲ್ಲಿ ಮಾರಾಟವಾಗುತ್ತಿದೆ. ಗಡ್ಡದ ತಳಿಗಳಲ್ಲಿ ಅಷ್ಟು ಕಾಲ ಅಂಗಡಿಯಲ್ಲಿ ಉಳಿದವು ಬೆರಳೆಣಿಕೆಯಷ್ಟು. ಇದರ ದೋಷವನ್ನೂ ಹೇಳಬೇಕು. ಹೂವಿನ ಅವಧಿ ಇನ್ನೂ ಚಿಕ್ಕದು, ಬಣ್ಣಗಳು ಕಡಿಮೆ, ಹತ್ತು ವರ್ಷದ ಪೊದೆಯನ್ನು ಒಡೆಯಲು ಸಲಿಕೆ ಸಾಲದು, ಗರಗಸ ಬೇಕು.

ಸೈಬೀರಿಯನ್‌ಗೂ ದೊಡ್ಡದು ಮಾಡುವ ಆಸೆ ತಗಲದೆ ಬಿಡಲಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯ ಡೀನ್ ಆಗಿದ್ದ ಕರಿಯರ್ ಮ್ಯಾಕ್‌ಯುವನ್ (1902–2003) ಸಂಧಿವಾತದ ವೈದ್ಯರು. ನಡುವಯಸ್ಸು ದಾಟಿದ ಮೇಲೆ ಐರಿಸ್ ಹಿಡಿದು, ಮೊಳಕೆಗಳಿಗೆ ಕಾಲ್ಚಿಸಿನ್ ಕೊಟ್ಟು ವರ್ಣತಂತು ಇಮ್ಮಡಿಸಿದರು. ಕಾಲ್ಚಿಸಿನ್ ಗೌಟ್ ರೋಗದ ಹಳೆಯ ಮದ್ದು, ಅವರ ವೃತ್ತಿಯ ಪೆಟ್ಟಿಗೆಯಲ್ಲೇ ಇದ್ದದ್ದು. ಮಲೆನಾಡಿನ ಬೇಲಿಗಳಲ್ಲಿ ಗೌರಿಹಬ್ಬದ ಹೊತ್ತಿಗೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಬೀಜದಲ್ಲೂ ಇರುವುದು ಇದೇ ವಿಷ. ಮ್ಯಾಕ್‌ಯುವನ್ ಅವರ ಇಮ್ಮಡಿ ತಳಿಗಳಲ್ಲಿ ಎಸಳು ದಪ್ಪ, ದಂಟು ದಪ್ಪ, ಬಣ್ಣ ಗಾಢ. ಆದರೆ ನನ್ನ ಕಣ್ಣಿಗೆ ಅವರ ಅತ್ಯುತ್ತಮ ಕೆಲಸ ಕಾಲ್ಚಿಸಿನ್ ಮುಟ್ಟದೇ ಬಂದ ‘ಬಟರ್ ಅಂಡ್ ಶುಗರ್’: ಮೇಲಿನ ಎಸಳು ಬಿಳಿ, ಕೆಳಗಿನದು ಬೆಣ್ಣೆಹಳದಿ, ಗಾತ್ರ ಹಳೆಯದೇ. ಸೈಬೀರಿಯನ್‌ನಲ್ಲಿ ಇಲ್ಲದ ಬಣ್ಣವೊಂದು ಬಂತು, ಗಿಡದ ಮೈಕಟ್ಟು ಕೆಡಲಿಲ್ಲ.

ಹೂವಿನ ಆಕಾರ ಯಾರು ಎಲ್ಲಿ ಕೂತು ನೋಡುತ್ತಾರೆ ಎಂಬುದನ್ನು ಅವಲಂಬಿಸಿದೆ ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡವರು ಜಪಾನೀಯರು. ಅಲ್ಲಿನ ಹನಶೋಬು, ಅಂದರೆ ಐರಿಸ್ ಎನ್ಸಾಟಾ, ಎಡೊ ಕಾಲದ ಸಮುರಾಯ್ ಮತ್ಸುದೈರಾ ಶೋಓ (1773–1856) ಅವರ ಕೈಯಲ್ಲಿ ನೂರಾರು ರೂಪ ತಾಳಿತು. ಮುಂದೆ ಮೂರು ಸಂಪ್ರದಾಯಗಳಾದವು. ಎಡೊ ತಳಿಗಳು ತೋಟದಲ್ಲಿ ನಡೆದಾಡುತ್ತಾ ನೋಡಲು. ಗಾಳಿಮಳೆ ತಡೆಯುವ ದಂಟು, ಮೇಲಿಂದ ನೋಡಿದರೆ ಚೆಂದ ಕಾಣುವ ಚಪ್ಪಟೆ ಹೂ. ಕುಮಾಮೊಟೊದ ಹಿಗೊ ತಳಿಗಳು ಕುಂಡದಲ್ಲಿ ಬೆಳೆಸಿ ಒಳಕೋಣೆಯಲ್ಲಿ ಚಾಪೆಯ ಮೇಲೆ ಕೂತು ನೋಡಲು. ಭಾರೀ ಹೂ, ಮಳೆಯ ಚಿಂತೆಯಿಲ್ಲ. ಇಸೆಯವು ಮೃದುವಾಗಿ ಜೋಲುವ ಎಸಳಿನವು. ಹಿಗೊ ಹೂವನ್ನು ಹೊರಗೆ ನೆಟ್ಟು ಬಿದ್ದುಹೋಯಿತು ಎಂದು ಗೊಣಗುವುದು ನೆಟ್ಟವನ ತಪ್ಪು. ಪಶ್ಚಿಮದ ಕ್ಯಾಟಲಾಗುಗಳಲ್ಲಿ ಈ ಪ್ರಾಮಾಣಿಕತೆ ಇಲ್ಲ. ಅಲ್ಲಿ ಪ್ರದರ್ಶನದ ಮೇಜಿನ ಹೂವೂ ತೋಟದ ಹೂವೂ ಒಂದೇ ಪುಟದಲ್ಲಿ, ಒಂದೇ ಹೊಗಳಿಕೆಯಲ್ಲಿ ಮಾರಾಟಕ್ಕಿವೆ. ಗಿಡವನ್ನು ಇಡಿಯಾಗಿ ಕಂಡವರು ಚಿತ್ರಕಾರರೇ ಇರಬೇಕು. ಓಗಾತಾ ಕೋರಿನ್ ಹದಿನೆಂಟನೆಯ ಶತಮಾನದ ಆರಂಭದಲ್ಲಿ ಚಿನ್ನದ ಹಿನ್ನೆಲೆಯ ಪರದೆಗಳ ಮೇಲೆ ಬಿಡಿಸಿದ ಐರಿಸ್‌ಗಳಲ್ಲಿ, ವಾನ್ ಗೋ 1889ರ ಮೇ ತಿಂಗಳಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯ ತೋಟದಲ್ಲಿ ಬಿಡಿಸಿದ್ದರಲ್ಲಿ, ಹೂವಿನಷ್ಟೇ ಜಾಗ ಎಲೆಗೂ ಸಿಕ್ಕಿದೆ.

ಭಾರತದಲ್ಲಿ ಐರಿಸ್ ತವರು ಹಿಮಾಲಯ. ಕಾಶ್ಮೀರದ ಹಳ್ಳಿಗಳ ಗೋರಿಗಳ ಮೇಲೆ ಬಿಳಿಯ ಐರಿಸ್ ಕಾಶ್ಮೀರಿಯಾನಾ ಸಾಲುಸಾಲಾಗಿ ಅರಳುತ್ತದೆ; ಅಲ್ಲಿ ಅದಕ್ಕೆ ಯಾರೂ ಗೊಬ್ಬರ ಹಾಕುವುದಿಲ್ಲ, ಪೊದೆ ಒಡೆಯುವುದಿಲ್ಲ. ದಕ್ಷಿಣಕ್ಕೆ ಬಂದರೆ ಕತೆ ಬೇರೆ. ಬೆಂಗಳೂರಿನಲ್ಲಿ ಡಿಸೆಂಬರ್ ರಾತ್ರಿಯೂ 15 ಡಿಗ್ರಿ ಆಸುಪಾಸು. ಗಡ್ಡದ ಐರಿಸ್ ಹೂ ಕಟ್ಟಲು ಬೇಕಾದ, ವಾರಗಟ್ಟಲೆ ಸೊನ್ನೆಯ ಹತ್ತಿರ ಇಳಿಯುವ ಚಳಿ ಇಲ್ಲಿಲ್ಲ. ಇದು ಗೊತ್ತಿದ್ದೂ ಆನ್‌ಲೈನ್‌ನಲ್ಲಿ ಕಾಮನಬಿಲ್ಲಿನ ಬಣ್ಣದ ಐರಿಸ್ ‘ಬೀಜ’ ಮಾರುವವರಿದ್ದಾರೆ. ಹೆಸರುವಾಸಿ ತಳಿಗಳು ಬೀಜದಿಂದ ಹಾಗೆಯೇ ಬರುವುದಿಲ್ಲ, ಗೆಡ್ಡೆಯಿಂದಲೇ ಬರಬೇಕು. ಇಷ್ಟು ತಿಳಿದರೆ ಆ ಚಿತ್ರಗಳನ್ನು ನೋಡಿ ದುಡ್ಡು ಕಳೆಯುವುದು ತಪ್ಪುತ್ತದೆ.

ಇಲ್ಲಿ ಬರುವಂಥವೂ ಇವೆ. ಬ್ರೆಜಿಲ್ ಮೂಲದ ನಿಯೊಮಾರಿಕಾ ನಮ್ಮ ತೋಟಗಳಲ್ಲಿ ಹಳೆಯದು. ಹೂ ಒಂದೇ ದಿನ, ದಂಟಿನ ತುದಿಯಲ್ಲಿ ಹುಟ್ಟಿದ ಮರಿಗಿಡ ಭಾರಕ್ಕೆ ಬಾಗಿ ನೆಲ ಮುಟ್ಟಿ ಬೇರೂರುತ್ತದೆ. ಆಫ್ರಿಕಾದ ಡಯಟೀಸ್ ಇನ್ನೊಂದು. ಇವೆರಡೂ ಐರಿಸ್ ಕುಟುಂಬದವು, ಐರಿಸ್ ಅಲ್ಲ. ನಿಜವಾದ ಐರಿಸ್ಸೇ ಬೇಕೆಂದರೆ, ಬೆಲಮ್ಕಾಂಡಾ ಎಂದು ಬಹುಕಾಲ ಕರೆಸಿಕೊಂಡು, 2005ರಲ್ಲಿ ಸಸ್ಯಶಾಸ್ತ್ರಜ್ಞರು ಐರಿಸ್ ಡೊಮೆಸ್ಟಿಕಾ ಎಂದು ಮರುನಾಮಕರಣ ಮಾಡಿದ ಗಿಡವಿದೆ. ಗಡ್ಡವಿಲ್ಲ, ಮೇಲೆ ಕೆಳಗೆ ಎಂಬ ಭೇದವೂ ಇಲ್ಲ. ಕಿತ್ತಳೆ ಬಣ್ಣದ ಆರು ಸಮ ಎಸಳಿನ ಮೇಲೆ ಕೆಂಪು ಚುಕ್ಕಿ. ಸಂಜೆಗೆ ಬಾಡಿದ ಹೂ ಒದ್ದೆ ಬಟ್ಟೆ ಹಿಂಡಿದ ಹಾಗೆ ಸುರುಳಿ ಸುತ್ತಿಕೊಳ್ಳುತ್ತದೆ. ಬೀಸಣಿಗೆಯಂತೆ ಹರಡಿದ ಗರಿಗಳು ಮಳೆಗಾಲದಲ್ಲೂ ಚೊಕ್ಕವಾಗಿರುತ್ತವೆ. ಕಾಯಿ ಒಡೆದಾಗ ಹೊಳೆಯುವ ಕಪ್ಪು ಬೀಜಗಳ ಗೊಂಚಲು ವಾರಗಟ್ಟಲೆ ಉದುರದೆ ನಿಲ್ಲುತ್ತದೆ. ಗಿಡವನ್ನು ಐವತ್ತು ವಾರದ ಲೆಕ್ಕದಲ್ಲಿ ತೂಗುವುದಾದರೆ ಸುಕ್ಕೆಸಳಿನ ಎತ್ತರದ ಐರಿಸ್‌ಗಳಿಗಿಂತ ಇದಕ್ಕೇ ನನ್ನ ಮತ. ಪದಕದ ಪಟ್ಟಿಯಲ್ಲಿ ಇದರ ಹೆಸರು ಹುಡುಕಬೇಡಿ. ಬೆಳೆಸಿದವರು ಯಾರಾದರೂ ಸಿಕ್ಕರೆ ಒಂದು ಹಿಡಿ ಬೀಜ ಕೇಳಿ ತನ್ನಿ; ಸಾಮಾನ್ಯವಾಗಿ ಎರಡನೆಯ ವರ್ಷಕ್ಕೆ ಹೂ ಬಿಡುತ್ತದೆ.